ಸಂಪ್‌ಗೆ ಲೈಟ್ ಬೇಕಾ?

ಉಪ್ಪುನೀರು_ಹಾಸನ: ಮನೆ ಸಾಲಗಾಮೆ ರಸ್ತೆ ಕಡೆ. ನಾಲ್ಕಡಿ ಉಪ್ಪುನೀರಿನ ಟ್ಯಾಂಕ್, ಒಂದು ಜೋಡಿ ಕ್ಲೌನ್ ಫಿಶ್, ಮೂರು ಡ್ಯಾಮ್ಸೆಲ್. ಸ್ಟ್ಯಾಂಡ್ ಒಳಗೆ ಫಿಲ್ಟರ್ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಶುದ್ಧವಾಗುವ ತೊಟ್ಟಿ, ಇದೆ. (ಅಪ್ಪ ಇದನ್ನು ಮನೆ ಮುಂದಿನ ನೀರಿನ ಸಂಪ್ ಅಂದುಕೊಂಡು "ಅದಕ್ಯಾಕೋ ಲೈಟು" ಅಂತ ಬೈದರು.) ಮೂರು ಖಾನೆ: ಮೊದಲು ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ನಡುವೆ ಬ್ಯಾಕ್ಟೀರಿಯಾ ಕೂರುವ ಸೆರಾಮಿಕ್ ಮೀಡಿಯಾ, ಕೊನೆಗೆ ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪ್. ಸಂಪ್ ಉದ್ದಕ್ಕೂ ಲೈಟ್ ಹಾಕಿದರೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ ಅಂತ ಅಂಗಡಿಯವರು ಹೇಳಿದರು. ನಿಜಾನಾ?

ಮೂಡಿಗೆರೆ_ಮೀನು: ಸುಮ್ನೆ ದುಡ್ಡು ದಂಡ ಮಾರಾಯ. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಆಮ್ಲಜನಕ, ಬೆಳಕಲ್ಲ. ಜೋರು ಬೆಳಕು ಅವಕ್ಕೆ ಆಗುವುದೂ ಇಲ್ಲ. ನಾನೂ ಒಂದು ವರ್ಷ ಟ್ಯೂಬ್‌ಲೈಟ್ ಉರಿಸಿದ್ದೇನೆ. ಗಾಜಿನ ಅಡ್ಡಪಟ್ಟಿಗಳೆಲ್ಲ ಹಸಿರು. ಪಂಪಿನ ಬಾಯಿಗೆ ಕೂದಲಿನಂಥ ಪಾಚಿ ಸುತ್ತಿಕೊಂಡು ಮೇಲೆ ನೀರು ಹೋಗುವುದೇ ಕಡಿಮೆಯಾಯಿತು. ಭಾನುವಾರವೆಲ್ಲ ಹಳೇ ಟೂತ್‌ಬ್ರಶ್ ಹಿಡಿದು ಉಜ್ಜುವುದೇ ಕೆಲಸ. ಕತ್ತಲಲ್ಲೇ ಇರಲಿ ಬಿಡಿ.

ಗಿರಿ_ಚಿಕ್ಕಮಗಳೂರು: ಸ್ಕಿಮ್ಮರ್, ಪಂಪ್ ಖಾನೆಗೆ ಬೇಡ, ಒಪ್ಪಿದೆ. ಆದರೆ ನಡುವಿನ ಖಾನೆಯಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿದರೆ ಲೈಟ್ ಬೇಕೇ ಬೇಕು. ಕೀಟೊ ಅಂದರೆ ಕೀಟ ಅಲ್ಲ! ಪಾತ್ರೆ ಉಜ್ಜುವ ಹಸಿರು ನೈಲಾನ್ ನಾರಿನ ಉಂಡೆ ಹಾಗಿರುತ್ತದೆ. ನೈಟ್ರೇಟ್, ಫಾಸ್ಫೇಟ್ ಹೀರಿ ಬೆಳೆಯುತ್ತದೆ. ಅರ್ಧ ಕಿತ್ತು ಎಸೆದರೆ ಅಷ್ಟು ಕೊಳೆ ಟ್ಯಾಂಕಿನಿಂದ ಹೊರಗೆ ಹೋದ ಹಾಗೆ. ನಾನು ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ತೆಗೆಯುತ್ತೇನೆ. ಕೊಡವಿದರೆ ಕೋಪೆಪಾಡ್ ಅನ್ನುವ ಚುಕ್ಕಿಯಷ್ಟು ಜೀವಿಗಳು ಚಿಟಚಿಟ ಹಾರುತ್ತವೆ, ಮೀನಿಗೆ ಪುಕ್ಕಟೆ ಊಟ.

ಮೂಡಿಗೆರೆ_ಮೀನು: ಐದು ಮೀನಿಗೆ ಇಷ್ಟೆಲ್ಲ ಯಾಕೆ? ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾಯಿಸಿದರೆ ಸಾಕು. ಕೋರಲ್ (ಹವಳ) ಇದ್ದಿದ್ದರೆ ಬೇರೆ ಮಾತು. ಅದನ್ನು ನಮ್ಮಲ್ಲಿ ಇಡುವ ಹಾಗೇ ಇಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೆ.

ಗಿರಿ_ಚಿಕ್ಕಮಗಳೂರು: ಬದಲಾಯಿಸುವ ನೀರಿಗೆ ಬೆರೆಸುವ ಉಪ್ಪಿನ ಬಕೆಟ್ ಬೆಲೆ ನೋಡಿದ್ದೀರಾ ಸಾರ್? ಇನ್ನೊಂದು ವಿಷಯ, ಕೀಟೊಗೆ ನೈಟ್ ಶಿಫ್ಟ್ ಹಾಕಬೇಕು. ಮೇಲಿನ ಲೈಟ್ ಆರಿದ ಮೇಲೆ ಟ್ಯಾಂಕಿನಲ್ಲಿರುವುದೆಲ್ಲ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಪಿಎಚ್ ಇಳಿಯುತ್ತದೆ (ನೀರು ಹುಳಿ ಕಡೆಗೆ ವಾಲುತ್ತದೆ). ಆ ಹೊತ್ತಿನಲ್ಲಿ ಕೆಳಗೆ ಬೆಳಕಿದ್ದರೆ ಕೀಟೊ ಆ ಕಾರ್ಬನ್ ಡೈಆಕ್ಸೈಡನ್ನೇ ತಿನ್ನುತ್ತದೆ.

ಮೂಡಿಗೆರೆ_ಮೀನು: ಪಿಎಚ್‌ಗೆ ಕಿಟಕಿ ತೆಗೆದರೂ ಆಯಿತು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ.

ಗಿರಿ_ಚಿಕ್ಕಮಗಳೂರು: ಆಷಾಢದ ಮಳೆಯಲ್ಲಿ, ಅದೂ ಮೂಡಿಗೆರೆಯಲ್ಲಿ, ಕಿಟಕಿ ತೆಗೆಯುತ್ತೀರಾ? 😄 ಬಾಗಿಲು ಕಿಟಕಿ ಮುಚ್ಚಿಕೊಂಡು ಕೂರುವ ಆ ಮೂರು ತಿಂಗಳೇ ಪಿಎಚ್ ಜಾಸ್ತಿ ಇಳಿಯುವುದು.

ಸಕಲೇಶಪುರ_ಘಾಟ್: ನೈಟ್ ಶಿಫ್ಟ್ ಸರಿ, ಟೈಮರ್ ನೋಡಿ ತಗೊಳ್ಳಿ. ನಾನು ಗುಂಡಗೆ ತಿರುಗುವ ಅಗ್ಗದ ಟೈಮರ್ ಹಾಕಿದ್ದೆ. ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ. ಇವತ್ತು ಎರಡು ಗಂಟೆ, ನಾಳೆ ನಾಲ್ಕು. ಒಂದು ದಿನ ಮಧ್ಯಾಹ್ನ ಸ್ಟ್ಯಾಂಡ್ ಬಾಗಿಲು ತೆಗೆದರೆ ಒಳಗೆ ಝಗಮಗ! ರಾತ್ರಿ ಉರಿಯಬೇಕಾದ್ದು ಹಗಲು ಉರಿಯುತ್ತಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದ ಮೇಲೆ ಆ ಕಾಟ ತಪ್ಪಿತು.

ಉಪ್ಪುನೀರು_ಹಾಸನ: ಲೈಟ್ ಯಾವುದು ಅಣ್ಣ? ನೇರಳೆ ಬಣ್ಣದ ಗ್ರೋ ಲೈಟೇ ಬೇಕಾ?

ಗಿರಿ_ಚಿಕ್ಕಮಗಳೂರು: ಕೆಂಪು ನೀಲಿ ಸೇರಿದ ಲೈಟಿಗೆ ಬೇಗ ಬೆಳೆಯುತ್ತದೆ, ನಿಜ. ನನ್ನದು ಮಾಮೂಲಿ 6500 ಕೆಲ್ವಿನ್ ಬಿಳಿ ಎಲ್‌ಇಡಿ, ಅದಕ್ಕೂ ಬೆಳೆಯುತ್ತದೆ. ಪಕ್ಕದ ಖಾನೆಗಳ ಮೇಲೆ ಕಪ್ಪು ಶೀಟ್ ಅಂಟಿಸಿ, ಮೂಡಿಗೆರೆಯವರ ಟೂತ್‌ಬ್ರಶ್ ಕಷ್ಟ ನಿಮಗೆ ಬೇಡ. ಉಂಡೆಯನ್ನು ಆಗಾಗ ತಿರುವಿ ಹಾಕಿ, ಇಲ್ಲದಿದ್ದರೆ ಅಡಿಯದು ಬೆಳಕಿಲ್ಲದೆ ಕೊಳೆಯುತ್ತದೆ.

ಸಕಲೇಶಪುರ_ಘಾಟ್: ವೈರ್ ನೇರ ಪ್ಲಗ್‌ಗೆ ಎಳೆಯಬೇಡಿ. ಪ್ಲಗ್‌ಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಮೇಲೆ ತನ್ನಿ. ಉಪ್ಪುನೀರು ವೈರ್ ಹಿಡಿದು ಬಂದರೂ ಅಲ್ಲೇ ತೊಟ್ಟಿಕ್ಕುತ್ತದೆ, ಬೋರ್ಡಿಗೆ ಹೋಗುವುದಿಲ್ಲ.

ಮೂಡಿಗೆರೆ_ಮೀನು: ಹಾಕುವುದಾದರೆ ಹಾಕಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಂದರೆ ಲೈಟ್ ಹೊತ್ತು ಕಡಿಮೆ ಮಾಡಿ. ಪೂರ್ತಿ ಸೊನ್ನೆಯಾದ ಟ್ಯಾಂಕಿನಲ್ಲೇ ಹೆಚ್ಚಾಗಿ ಡೈನೊ ಅನ್ನುವ ಕಂದು ಲೋಳೆ ಬರುವುದು. ಅದರ ಮುಂದೆ ಹಸಿರು ಪಾಚಿಯೇ ವಾಸಿ.

ಉಪ್ಪುನೀರು_ಹಾಸನ: ನಡುವಿನ ಖಾನೆಗೆ ಮಾತ್ರ ಲೈಟ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಕೀಟೊ ಎಲ್ಲಿ ಸಿಗುತ್ತದೆ?

ಗಿರಿ_ಚಿಕ್ಕಮಗಳೂರು: ಶನಿವಾರ ಹಾಸನಕ್ಕೆ ಬರುತ್ತಿದ್ದೇನೆ. ಒಂದು ಹಿಡಿ ಕವರಿನಲ್ಲಿ ತರುತ್ತೇನೆ, ಬಸ್ ಸ್ಟ್ಯಾಂಡ್ ಹತ್ತಿರ ಬನ್ನಿ. ಉಪ್ಪುನೀರಿನಲ್ಲೇ ಜಾಲಾಡಿ ಹಾಕಿ, ನಲ್ಲಿ ನೀರು ಬೇಡ.