ಪರ್ಡ್ಯೂ ಬ್ಯಾಸ್ಕೆಟ್‌ಬಾಲ್: ಮೊದಲ ರ‍್ಯಾಂಕ್ ಏನೋ ಬಂತು, ಕಪ್ ಬರುತ್ತಾ?

ನಿವೃತ್ತ ಪಿ.ಟಿ. ಮೇಷ್ಟ್ರು, ಹಾಸನ (ಅಕ್ಟೋಬರ್ 2025)

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ಮಗಳು ಹೋದ ವರ್ಷ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋದಳು. ಒಂದು ದಿನ ವಿಡಿಯೊ ಕಾಲ್ ಮಾಡಿ, "ಅಪ್ಪ, ಈ ಸದ್ದು ಕೇಳು" ಅಂತ ಫೋನ್ ಮೇಲೆತ್ತಿ ಹಿಡಿದಳು. ಮ್ಯಾಕಿ ಅರೀನಾ ಅಂತೆ, ಹತ್ತಿರ ಹತ್ತಿರ ಹದಿನೈದು ಸಾವಿರ ಜನ ಹಿಡಿಯುವ ಗುಂಡಗಿನ ಕಟ್ಟಡ. ಮಗಳ ಮಾತೇ ಕೇಳಿಸಲಿಲ್ಲ. ಅವತ್ತು ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ. ನವೆಂಬರ್ ಮೇಲೆ ಅಲ್ಲಿ ಸಂಜೆ ಏಳಕ್ಕೆ ಆಟ ಅಂದರೆ ನಮಗೆ ಬೆಳಗಿನ ಜಾವ ಐದೂವರೆ. ಮನೆಯವಳು ಏಳುವ ಹೊತ್ತಿಗೆ ಮೊದಲರ್ಧ ಮುಗಿದಿರುತ್ತೆ.

ಕಳೆದ ಮಾರ್ಚ್‌ನಲ್ಲಿ ದೇಶದ ಕಾಲೇಜು ಚಾಂಪಿಯನ್‌ಶಿಪ್ ಟೂರ್ನಿಯಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಮೇಲೆ 62-60ರಿಂದ ಸೋತೆವಲ್ಲ, ಅದು ನಮಗೆ ಯುಗಾದಿಯ ಹಿಂದಿನ ದಿನ, ಶನಿವಾರ ಬೆಳಗ್ಗೆ. ಮಾವಿನ ಸೊಪ್ಪು ತರಲು ಹೋಗಬೇಕಾದವನು ಟಿವಿ ಮುಂದೆಯೇ ಕೂತುಬಿಟ್ಟೆ. ಆಟ ಮುಗಿಯಲು ಒಂದು ಸೆಕೆಂಡೂ ಉಳಿದಿರಲಿಲ್ಲ. ಹಬ್ಬದ ದಿನವೂ ಅದೇ ಕಣ್ಣಮುಂದೆ.

ಈಗ ಸೀಸನ್ ಶುರುವಾಗುವ ಮುಂಚೆಯೇ ಪತ್ರಕರ್ತರು ಮತ ಹಾಕಿ ಮಾಡುವ ಎ.ಪಿ. ಪಟ್ಟಿಯಲ್ಲಿ ನಮ್ಮನ್ನು ಮೊದಲನೇ ಸ್ಥಾನದಲ್ಲಿ ಕೂರಿಸಿದ್ದಾರೆ. ಸೀಸನ್‌ಗೆ ಮುಂಚಿನ ಪಟ್ಟಿಯಲ್ಲಿ ಪರ್ಡ್ಯೂಗೆ ಈ ಸ್ಥಾನ ಸಿಕ್ಕಿದ್ದು ಇದೇ ಮೊದಲಂತೆ. ಇದನ್ನು ಎಷ್ಟು ನಂಬಬಹುದು? ಆರ್‌ಸಿಬಿ ಹದಿನೆಂಟು ವರ್ಷ ಕಾಯಿಸಿ ಈ ಜೂನ್ 3ಕ್ಕೆ ಕಪ್ ಎತ್ತಿತು. ಹಾಗೆ ಕಾಯುವ ಅಭ್ಯಾಸ ನನಗಿದೆ, ಆದರೆ ಕಾಯುವುದಕ್ಕೂ ಒಂದು ಕಾರಣ ಬೇಕು.

ಇನ್ನೊಂದು ಪ್ರಶ್ನೆ, ನನಗೆ ಇದೇ ದೊಡ್ಡದು. ಇವರು ಹುಡುಗರನ್ನು ಹೇಗೆ ಆರಿಸುತ್ತಾರೆ, ಹೇಗೆ ಉಳಿಸಿಕೊಳ್ಳುತ್ತಾರೆ? ನಾನು ಹೊಳೆನರಸೀಪುರದ ಕಡೆ ಇದ್ದಾಗ ಎಂಟನೇ ಕ್ಲಾಸಿಗೇ ಆರಡಿ ಮುಟ್ಟಿದ ಒಬ್ಬ ಹುಡುಗ ಸಿಕ್ಕಿದ್ದ. ಎತ್ತರ ಇತ್ತು, ನೆಗೆತ ಇರಲಿಲ್ಲ. ಶಾಲೆಯ ಹೊಂಗೆಮರಕ್ಕೆ ಹಗ್ಗ ಕಟ್ಟಿ ವಾಲಿಬಾಲ್ ತೂಗುಹಾಕಿದೆ. ವಾರಕ್ಕೊಂದು ಬೆರಳು ಹಗ್ಗ ಮೇಲೆತ್ತಿ ಕಟ್ಟುವುದು, ಅವನು ನೆಗೆದು ಹೊಡೆಯುವುದು. ಒಂದು ವರ್ಷಕ್ಕೆ ಹೋಬಳಿ, ತಾಲ್ಲೂಕು ಎರಡೂ ಗೆದ್ದೆವು. ಮರುವರ್ಷ ಕ್ರೀಡಾ ವಸತಿ ಶಾಲೆಗೆ ಆಯ್ಕೆಯಾಗಿ ಹೋದ. ಅವನಿಗೆ ಒಳ್ಳೆಯದೇ ಆಯಿತು, ಬಸ್ಸು ಹತ್ತಿಸಿ ಬಂದವನೂ ನಾನೇ. ಆದರೆ ತಂಡವನ್ನು ಮತ್ತೆ ಮೊದಲಿಂದ ಕಟ್ಟಬೇಕಾಯಿತು. ಅಮೆರಿಕದಲ್ಲಿ ಈಗ ವರ್ಷವರ್ಷವೂ ಹುಡುಗರು ಕಾಲೇಜು ಬದಲಾಯಿಸುತ್ತಾರಂತೆ. ಅಂಥದ್ದರಲ್ಲಿ ಪರ್ಡ್ಯೂ ಕೋಚ್ ಏನು ಮಾಡುತ್ತಾನೆ? ತಿಳಿದವರು ಹೇಳಿ.

ವಬಾಶ್ ದಡದವ, ಈಗ ಇಂಡಿಯಾನಾಪೊಲಿಸ್

ಮೇಷ್ಟ್ರೇ ನಮಸ್ಕಾರ. ಹೊಂಗೆಮರದ ಮಾತು ಓದಿ ಸುಮ್ಮನಿರೋಕೆ ಆಗ್ಲಿಲ್ಲ. ಪಿಎಚ್.ಡಿ.ಗೆ ಅಂತ 2017ರಲ್ಲಿ ಅಲ್ಲಿಗೆ ಬಂದೋನು ನಾನು, ಆರು ವರ್ಷ ಇದ್ದೆ. ನೀವು ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೇದಕ್ಕೂ ಸಿಕ್ಕಂಗೆ.

ಕೋಚ್ ಮ್ಯಾಟ್ ಪೇಂಟರ್ ಇದೇ ರಾಜ್ಯದ ಮನ್ಸಿಯವರು. ಪರ್ಡ್ಯೂನಲ್ಲೇ ಜೀನ್ ಕೀಡಿ ಕೈಕೆಳಗೆ ಆಡಿ, 2005ರಲ್ಲಿ ಅವರ ಜಾಗಕ್ಕೇ ಬಂದರು. ಅವತ್ತಿಂದ ಇವರೇ. ಈ ಇಪ್ಪತ್ತು ವರ್ಷ ಇವರು ಹುಡುಕಿದ್ದು ಪಟ್ಟಿಯ ಮೇಲಿರೋ ಹುಡುಗರನ್ನಲ್ಲ, ತಮ್ಮ ಹತ್ತಿರ ನಾಲ್ಕು ವರ್ಷ ಉಳಿಯೋ ಹುಡುಗರನ್ನ. ನನಗೆ ಅರ್ಥ ಆಗಿರೋದು ಇಷ್ಟು.

ಜ್ಯಾಕ್ ಈಡಿನೇ ನೋಡಿ. ಟೊರಾಂಟೊ ಹುಡುಗ, ಏಳಡಿ ನಾಲ್ಕಿಂಚು. ಚಿಕ್ಕವನಿದ್ದಾಗ ಆಡ್ತಿದ್ದಿದ್ದು ಐಸ್ ಹಾಕಿ, ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಹಿಡಿದಿದ್ದು ಹೈಸ್ಕೂಲಿಗೆ ಬಂದಮೇಲೆ. ಹೈಸ್ಕೂಲ್ ಹುಡುಗರ ದೇಶದ ಪಟ್ಟಿಯಲ್ಲಿ ಅವನ ಹೆಸರು ನಾನೂರಕ್ಕಿಂತ ಕೆಳಗಿತ್ತು. ಮೊದಲ ವರ್ಷ ಮ್ಯಾಕಿಯಲ್ಲಿ ಆಟ ನೋಡಿದಾಗ ಬಾಲ್ ಕೈಗೆ ಬಂದ ತಕ್ಷಣ ಕೆಳಗಿಳಿಸ್ತಿದ್ದ, ಗಿಡ್ಡ ಹುಡುಗರು ಕಿತ್ಕೊಂಡು ಓಡ್ತಿದ್ರು. ಮೂರನೇ ವರ್ಷಕ್ಕೆ ಬಾಲ್ ತಲೆಮೇಲಿಂದ ಇಳೀತಾನೇ ಇರ್ಲಿಲ್ಲ. 2023, 2024 ಎರಡೂ ವರ್ಷ ದೇಶದ ಅತ್ಯುತ್ತಮ ಆಟಗಾರ ಅವನೇ. ಹಾಗೆ ಸತತ ಎರಡು ವರ್ಷ ಗೆದ್ದವರು ನಲವತ್ತು ವರ್ಷದಿಂದ ಯಾರೂ ಇರ್ಲಿಲ್ಲ.

ಇನ್ನೊಂದು ವಿಷಯ. ಅವನು ಕೆನಡಾದವನು, ನಿಮ್ಮ ಮಗಳ ಥರಾನೇ ವಿದ್ಯಾರ್ಥಿ ವೀಸಾದಲ್ಲಿ ಓದಿದೋನು. 2021ರ ಜುಲೈಯಿಂದ ಇಲ್ಲಿನ ಆಟಗಾರರು ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡ್ಡು ಮಾಡಬಹುದು. ವೀಸಾ ನಿಯಮದಿಂದ ಅವನಿಗೆ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತ್ತು. ಆದರೂ ನಾಲ್ಕೂ ವರ್ಷ ಉಳಿದ. ಈ ದೇಶದಲ್ಲಿ ಕ್ಯಾಂಪಸ್ ಕೆಲಸದ ಗಂಟೆ ಲೆಕ್ಕ ಹಾಕ್ಕೊಂಡು ಬದುಕಿರೋ ನಮ್ಮಂಥವರಿಗೆ ಅವನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಇರೋದಕ್ಕೆ ಇದೂ ಒಂದು ಕಾರಣ.

ಈಗಿನ ತಂಡದ ಟ್ರೇ ಕೌಫ್‌ಮನ್-ರೆನ್‌ದೂ ಅದೇ ದಾರಿ. 2021ರಲ್ಲಿ ಬಂದ, ಮೊದಲ ವರ್ಷ ಪೂರ್ತಿ ಬೆಂಚಲ್ಲಿ ಕೂರಿಸಿದ್ರು. ಇದಕ್ಕೆ ರೆಡ್‌ಶರ್ಟ್ ಅಂತಾರೆ. ಆ ವರ್ಷ ಲೆಕ್ಕಕ್ಕೆ ಬರಲ್ಲ, ಅಭ್ಯಾಸ ಮಾತ್ರ. ಕಾಯ್ದ. ಹೋದ ಸೀಸನ್‌ನಲ್ಲಿ ಆಟಕ್ಕೆ ಸರಾಸರಿ ಇಪ್ಪತ್ತು ಪಾಯಿಂಟ್. ಬ್ರೇಡನ್ ಸ್ಮಿತ್ ಆರಡಿ ಹುಡುಗ, ವೆಸ್ಟ್‌ಫೀಲ್ಡ್‌ನವನು. ದೊಡ್ಡ ಕಾಲೇಜುಗಳು ಅವನ ಹಿಂದೆ ಬೀಳಲಿಲ್ಲ, ಪೇಂಟರ್ ಬಿದ್ದರು. ಹೋದ ವರ್ಷ ನಾವು ಆಡೋ ಬಿಗ್ ಟೆನ್ ಲೀಗ್‌ನ ಅತ್ಯುತ್ತಮ ಆಟಗಾರ ಆದ. ಫೋರ್ಟ್ ವೇನ್‌ನ ಶಾಲೆಯಿಂದ ಬಂದ ಫ್ಲೆಚರ್ ಲೋಯರ್ ಮೂರನೆಯವನು. ಮೂವರೂ ಇಂಡಿಯಾನಾದ ಹೈಸ್ಕೂಲುಗಳಿಂದ ಬಂದೋರು, ಮೂವರಿಗೂ ಇದೇ ಕೊನೇ ವರ್ಷ.

ಅದಕ್ಕೇ ಈ ವರ್ಷ ನನಗೆ ಎದೆ ಹೊಡ್ಕೊಳ್ತಿರೋದು. ಈ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ 2025-26ರ ವರ್ಷಕ್ಕೆ 2.05 ಕೋಟಿ ಡಾಲರ್‌ವರೆಗೆ. ಟ್ರಾನ್ಸ್‌ಫರ್ ಪೋರ್ಟಲ್ ಅಂದ್ರೆ ಕಾಲೇಜು ಬದಲಾಯಿಸೋರ ಪಟ್ಟಿ, ಅದರಲ್ಲಿ ಹೆಸರು ಹಾಕಿದ ಹುಡುಗ ಮುಂದಿನ ಸೀಸನ್‌ಗೇ ಬೇರೆ ಕಡೆ ಆಡಬಹುದು. ಹೀಗಿರೋವಾಗ ಒಟ್ಟಿಗೆ ಮೂರು ವರ್ಷ ಆಡಿ ನಾಲ್ಕನೇ ವರ್ಷಕ್ಕೂ ಉಳಿಯೋ ಮೂವರು ಇನ್ಮೇಲೆ ಎಲ್ಲಿ ಸಿಕ್ತಾರೆ? ಈ ಥರದ ತಂಡ ನಾವು ನೋಡ್ತಿರೋದು ಇದೇ ಕೊನೇ ಸಲ ಇರಬಹುದು ಅನ್ನೋದು ನನ್ನ ಭಯ.

ಮೊದಲ ಪ್ರಶ್ನೆ: ನಂಬಿ, ಆದ್ರೆ ಎಚ್ಚರ ಇರಲಿ. 2023ರ ಮಾರ್ಚ್‌ನಲ್ಲಿ ಟೂರ್ನಿಯಲ್ಲಿ ನಾವು ನಮ್ಮ ಗುಂಪಿನ ಒಂದನೇ ಶ್ರೇಯಾಂಕದಲ್ಲಿದ್ವಿ, ಅದೇ ಗುಂಪಿನ ಕೊನೇ, ಅಂದ್ರೆ ಹದಿನಾರನೇ ಶ್ರೇಯಾಂಕದ ಫೇರ್ಲೀ ಡಿಕಿನ್ಸನ್ 63-58ಕ್ಕೆ ಮನೆಗೆ ಕಳಿಸ್ತು. ಲ್ಯಾಬಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ನೋಡ್ತಿದ್ವಿ. ಮುಗಿದ ಮೇಲೆ ಯಾರೂ ಒಂದು ಮಾತಾಡಲಿಲ್ಲ, ಒಬ್ಬೊಬ್ಬರೇ ಜಾಕೆಟ್ ಹಾಕ್ಕೊಂಡು ಎದ್ದು ಹೋದ್ವಿ. ಅದೇ ಹುಡುಗರು ಮರುವರ್ಷ ಡೆಟ್ರಾಯಿಟ್‌ನಲ್ಲಿ ಟೆನ್ನೆಸೀನ ಸೋಲಿಸಿ 1980ರ ನಂತರ ಮೊದಲ ಸಲ ಸೆಮಿಫೈನಲ್ ಘಟ್ಟಕ್ಕೆ, ಅಂದ್ರೆ ಫೈನಲ್ ಫೋರ್‌ಗೆ ಹೋದ್ರು. ಅವತ್ತು ಈಡಿ 40 ಪಾಯಿಂಟ್ ಹೊಡೆದ. ನಾನು ಅಲ್ಲಿದ್ದೆ. ನನ್ನ ಪಕ್ಕದ ಸೀಟಿನ ಮುದುಕರೊಬ್ಬರು 80ರ ತಂಡದ ಆಟವನ್ನೂ ನೋಡಿದ್ದೋರು. ಎರಡೂ ಕೈಯಲ್ಲಿ ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ.

ಬ್ಲೂಮಿಂಗ್ಟನ್ ಗೃಹಿಣಿ, ಮೂಲ ಶಿವಮೊಗ್ಗ

ಮೇಷ್ಟ್ರೇ, ನಾನು ಎದುರು ಪಕ್ಷದವಳು. ನಮ್ಮ ಯಜಮಾನರು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡೋದು, ಮನೆ ತುಂಬ ಕೆಂಪು ಅಂಗಿ. ಆದರೂ ಒಂದು ಮಾತು ಹೇಳ್ಲೇಬೇಕು.

ಹುಡುಗರು ಬಂದು ಹೋಗೋದರಿಂದ ಆಟ ಹಾಳಾಯ್ತು ಅನ್ನೋದನ್ನ ನಾನು ಒಪ್ಪಲ್ಲ. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ 2023ರಲ್ಲಿ ಗೆದ್ದಿದ್ದು ಮೂರು, ಸೋತಿದ್ದು ಒಂಬತ್ತು. ಸೋಲೋದು ಅಂದ್ರೆ ನಮಗೆ ದಿನಾ ಉಣ್ಣೋ ಅನ್ನ ಇದ್ದಂಗೆ ಆಗಿಹೋಗಿತ್ತು. ಕೋಚ್ ಕರ್ಟ್ ಸಿಗ್ನೆಟಿ ಬಂದ್ರು. ತಾವು ಮುಂಚೆ ಇದ್ದ ಜೇಮ್ಸ್ ಮ್ಯಾಡಿಸನ್ ಕಾಲೇಜಿಂದ ಹದಿಮೂರು ಹುಡುಗರನ್ನ ಜೊತೇಲೇ ಕರ್ಕೊಂಡು ಬಂದ್ರು. 2024ರಲ್ಲಿ ಹನ್ನೊಂದು ಗೆಲುವು, ಎರಡೇ ಸೋಲು. ನಿಮ್ಮ ಪರ್ಡ್ಯೂ ಮೇಲೆ 66-0. ಈ ತಿಂಗಳು ಆರೆಗನ್‌ಗೆ ಹೋಗಿ ಅವರ ಮನೆಯಲ್ಲೇ ಗೆದ್ದು ಬಂದಿದ್ದೀವಿ. ಆ ಹದಿಮೂರು ಹುಡುಗರೂ ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದೇ ಇದ್ದವರೇ ತಾನೇ? ಈಡಿಯನ್ನ ಪೇಂಟರ್ ಕಂಡುಹಿಡಿದ ಹಾಗೇ ಇವರನ್ನ ಸಿಗ್ನೆಟಿ ಕಂಡುಹಿಡಿದ್ರು. ವ್ಯತ್ಯಾಸ ಏನು ಅಂದ್ರೆ, ಒಬ್ಬರು ಹದಿನೆಂಟನೇ ವಯಸ್ಸಲ್ಲಿ ಹುಡುಕಿದ್ರು, ಇನ್ನೊಬ್ಬರು ಇಪ್ಪತ್ತೊಂದರಲ್ಲಿ.

ಹುಡುಗರ ಕಡೆಯಿಂದಾನೂ ಸ್ವಲ್ಪ ಯೋಚಿಸಿ. ಕೋಚ್ ಕಾಲೇಜು ಬದಲಾಯಿಸಿದ್ರೆ ಬಡ್ತಿ, ಹುಡುಗ ಬದಲಾಯಿಸಿದ್ರೆ ನಿಷ್ಠೆ ಇಲ್ಲ ಅಂತ ಮುಂಚೆ ಅಂತಿದ್ರು. ನೀವೇ ನಿಮ್ಮ ಹುಡುಗನ್ನ ಬಸ್ಸು ಹತ್ತಿಸಿದ್ರಲ್ಲ, ಅದು ನನಗೆ ತುಂಬ ಇಷ್ಟ ಆಯ್ತು.

ಪರ್ಡ್ಯೂ ವಿದ್ಯಾರ್ಥಿನಿ, ಎರಡನೇ ವರ್ಷ

ಅಂಕಲ್, ಮಗಳಿಗೆ ಪೇಂಟ್ ಕ್ರೂ ಟಿಕೆಟ್ ತಗೋಳೋಕೆ ಹೇಳಿ. ವಿದ್ಯಾರ್ಥಿಗಳು ನಿಂತು ಕೂಗೋ ಜಾಗ ಅದು. ಕೀಡಿ ಕಾಲದಲ್ಲಿ ಅದಕ್ಕೆ ಜೀನ್ ಪೂಲ್ ಅಂತಿದ್ರಂತೆ, ಪೇಂಟರ್ ಬಂದಮೇಲೆ ಹೆಸರು ಬದಲಾಯ್ತು. ಬೇಗ ಹೋದವರಿಗೆ ಮುಂದಿನ ಜಾಗ. ಹೋದ ಜನವರಿಯಲ್ಲಿ ನಾವು ಮೂವರು ಥರ್ಮಾಸ್‌ನಲ್ಲಿ ಬಿಸಿ ತಿಳಿಸಾರು ತುಂಬ್ಕೊಂಡು ಹೋಗಿ ಹೊರಗೆ ಸಾಲಲ್ಲಿ ನಿಂತಿದ್ವಿ. ಹಿಂದಿದ್ದ ಅಮೆರಿಕನ್ ಹುಡುಗರು ವಾಸನೆ ಹಿಡಿದು ಕೇಳಿದ್ರು, ಮುಚ್ಚಳದಲ್ಲಿ ಹಾಕಿ ಕೊಟ್ವಿ. ಬಾಗಿಲು ತೆಗೆಯೋ ಹೊತ್ತಿಗೆ ಥರ್ಮಾಸ್ ಖಾಲಿ. ಎರಡು ಜೊತೆ ಸಾಕ್ಸ್ ಕಡ್ಡಾಯ ಅಂತ ಹೇಳಿ.

ವಬಾಶ್ ದಡದವ

ಅಕ್ಕ, ನಿಮ್ಮ ಮಾತಲ್ಲಿ ಸತ್ಯ ಇದೆ, ಒಪ್ಕೋತೀನಿ. 2024ರಲ್ಲಿ ನಾವು ಫೈನಲ್‌ವರೆಗೆ ಹೋಗಿದ್ದೇ ಲ್ಯಾನ್ಸ್ ಜೋನ್ಸ್ ಬಂದಿದ್ದಕ್ಕೆ. ಸದರ್ನ್ ಇಲಿನಾಯ್ ಕಾಲೇಜಿಂದ ಒಂದೇ ಒಂದು ವರ್ಷಕ್ಕೆ ಬಂದ ಹುಡುಗ. ಎದುರಾಳಿಯ ಅತ್ಯುತ್ತಮ ಗಾರ್ಡನ್ನ, ಅಂದ್ರೆ ಬಾಲ್ ನಡೆಸೋ ಆಟಗಾರನ್ನ, ಹಿಡಿದು ಕಾಯೋ ಕಾಲು ನಮ್ಮಲ್ಲಿ ಇರ್ಲಿಲ್ಲ, ಅವನು ತಂದ. ಫೈನಲ್‌ನಲ್ಲಿ ಯುಕಾನ್ (ಕನೆಟಿಕಟ್ ವಿಶ್ವವಿದ್ಯಾಲಯ) 75-60ಕ್ಕೆ ಗೆದ್ದಿದ್ದು ಬೇರೆ ಮಾತು, ಅವತ್ತು ಅವರು ನಮಗಿಂತ ಚೆನ್ನಾಗಿದ್ರು.

ಈ ವರ್ಷವೂ ಪೇಂಟರ್ ಪೋರ್ಟಲ್ ಕಡೆ ನೋಡಿದ್ದಾರೆ, ಆದ್ರೆ ಮನೆ ಪೂರ್ತಿ ಕೆಡವಿ ಕಟ್ಟೋದಕ್ಕಲ್ಲ, ಸೋರೋ ಕಡೆ ಹೆಂಚು ಹಾಕೋದಕ್ಕೆ. ಈಡಿ ಹೋದಮೇಲೆ ರಿಂಗ್ ಕೆಳಗೆ ನಮ್ಮ ಕೈ ಸೋತಿತ್ತು. ಇನ್ನೊಬ್ಬ ಏಳಡಿ ನಾಲ್ಕಿಂಚಿನ ಹುಡುಗ ಡೇನಿಯಲ್ ಜೇಕಬ್ಸನ್ ಹೋದ ಸೀಸನ್‌ನ ಎರಡನೇ ಆಟದಲ್ಲೇ ಕಾಲು ಮುರ್ಕೊಂಡ. ಈಗ ಅವನು ವಾಪಸ್ ಬಂದಿದ್ದಾನೆ. ಜೊತೆಗೆ ಆಸ್ಟ್ರೇಲಿಯಾದ ಆಸ್ಕರ್ ಕ್ಲಫ್, ಸೌತ್ ಡಕೋಟಾ ಸ್ಟೇಟ್‌ನಲ್ಲಿ ಆಟಕ್ಕೆ ಹನ್ನೆರಡರ ಮೇಲೆ ರೀಬೌಂಡ್, ಅಂದ್ರೆ ಶಾಟ್ ತಪ್ಪಿ ವಾಪಸ್ ಬಂದ ಬಾಲ್, ಹಿಡೀತಿದ್ದೋನು. ಇಸ್ರೇಲ್‌ನಿಂದ ಓಮರ್ ಮೇಯರ್ ಬಂದಿದ್ದಾನೆ, ಸ್ಮಿತ್ ಉಸಿರು ತಗೊಳ್ಳೋ ಹೊತ್ತಲ್ಲಿ ಬಾಲ್ ನಡೆಸ್ಕೊಂಡು ಹೋಗ್ತಾನೆ. ನವೆಂಬರ್‌ನಲ್ಲಿ ಅಲಬಾಮಾಗೆ ಹೋಗಿ ಆಡಬೇಕು, ಡಿಸೆಂಬರ್‌ನಲ್ಲಿ ಐಯೊವಾ ಸ್ಟೇಟ್ ಮ್ಯಾಕಿಗೆ ಬರುತ್ತೆ. ಆ ಎರಡರಲ್ಲಿ ರಿಂಗ್ ಕೆಳಗೆ ಏನಾಗುತ್ತೋ ನೋಡೋಣ. ಇನ್ನೊಂದು: 2026ರ ಫೈನಲ್ ಫೋರ್ ನಡೆಯೋದು ನಮ್ಮ ಇಂಡಿಯಾನಾಪೊಲಿಸ್‌ನಲ್ಲೇ, ಕ್ಯಾಂಪಸ್‌ನಿಂದ ಒಂದು ಗಂಟೆ ದಾರಿ. ಮೇಷ್ಟ್ರೇ, ಆ ವಾರ ನೀವು ಇಲ್ಲಿದ್ರೆ ನಮ್ಮನೇಲೇ ಇಳ್ಕೊಳ್ಳಿ.

ನಿವೃತ್ತ ಪಿ.ಟಿ. ಮೇಷ್ಟ್ರು, ಹಾಸನ

ಎಲ್ಲರಿಗೂ ಧನ್ಯವಾದ. ಹ್ಯೂಸ್ಟನ್ ಆಟದ ಕೊನೆಯ ತುಣುಕನ್ನು ಇವತ್ತು ಬೆಳಗ್ಗೆ ಮತ್ತೆ ನಾಲ್ಕು ಸಲ ಹಾಕಿ ನೋಡಿದೆ. 60-60. ಹ್ಯೂಸ್ಟನ್‌ನ ಉಜಾನ್ ಗೆರೆ ಆಚೆಯಿಂದ ಬಾಲ್ ಒಳಗೆ ಎಸೆಯುತ್ತಾನೆ, ಟಗ್ಲರ್ ಹಿಡಿಯುತ್ತಾನೆ. ನಮ್ಮವರ ಕಣ್ಣೆಲ್ಲ ಬಾಲ್ ಹಿಂದೆ ಹೋಯಿತು. ಎಸೆದವನು ಒಂದು ಹೆಜ್ಜೆ ಒಳಗಿಟ್ಟ, ಬಾಲ್ ನೆಲಕ್ಕೆ ಪುಟಿದು ಅವನ ಕೈಗೇ ವಾಪಸ್ ಬಂತು, ರಿಂಗಿಗೆ ಹಾಕಿದ. ನಮ್ಮ ಖೋಖೋ ಹುಡುಗರಿಗೆ ನಾನು ದಿನಾ ಹೇಳುತ್ತಿದ್ದದ್ದು ಇದನ್ನೇ: ಖೋ ಕೊಟ್ಟು ಕೂತವನನ್ನು ಮರೆಯಬೇಡಿ, ಮುಂದಿನ ಖೋ ಅವನಿಗೇ ಬರಬಹುದು. ಇದು ಎತ್ತರದ ಕೊರತೆಯಲ್ಲ, ಅಭ್ಯಾಸದಲ್ಲಿ ತಿದ್ದಬಹುದಾದ ತಪ್ಪು. ಸೋತ ಆ ಮೂವರೇ ಮತ್ತೆ ಆಡುತ್ತಾರೆ ಅನ್ನುವುದು ಅದಕ್ಕೇ ನನಗೆ ರ‍್ಯಾಂಕ್‌ಗಿಂತ ದೊಡ್ಡ ಭರವಸೆ.

ಅದೇ ಆಟದಲ್ಲಿ 60-60 ಮಾಡಿಕೊಟ್ಟ ಹುಡುಗ, ಕ್ಯಾಮ್ಡನ್ ಹೈಡ್, ಈಗ ಟೆಕ್ಸಾಸ್‌ಗೆ ಹೋಗಿದ್ದಾನಂತೆ. ಶಿವಮೊಗ್ಗದ ತಾಯಿ, ನಿಮ್ಮ ಮಾತು ಸರಿ, ಅವನಿಗೂ ಒಳ್ಳೆಯದಾಗಲಿ. ಟೆಕ್ಸಾಸ್ ಆಟ ಇದ್ದ ದಿನ ಅದನ್ನೂ ಹಾಕಿಕೊಂಡು ನೋಡುತ್ತೇನೆ.

ನವೆಂಬರ್ 4ರಂದು ಎವಾನ್ಸ್‌ವಿಲ್ ಜೊತೆ ಮೊದಲ ಆಟ. ಮಗಳು ಹೋಗುತ್ತಾಳಂತೆ, ಎರಡು ಜೊತೆ ಸಾಕ್ಸ್ ವಿಷಯ ಹೇಳಿದೆ. ಟಿವಿಯವರು ಬಾಲ್ ಮಾತ್ರ ತೋರಿಸುತ್ತಾರೆ. ಬೇರೆಯವರು ಶಾಟ್ ಹೊಡೆಯುವಾಗ ಕ್ಲಫ್ ಕಾಲು ಎಲ್ಲಿರುತ್ತೆ, ಸೊಂಟದಿಂದ ಎದುರಾಳಿಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಾನೋ, ಅಥವಾ ಸುಮ್ಮನೆ ಮೇಲೆ ನೋಡುತ್ತಾ ನಿಲ್ಲುತ್ತಾನೋ, ಅದನ್ನು ನೋಡಿ ಫೋನ್ ಮಾಡು ಅಂದಿದ್ದೇನೆ.