‘ಮೈನೆರೆಯುವುದು ತಡ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮಂದಿರಿಗೆ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಮಕ್ಕಳು ಹರೆಯಕ್ಕೆ ಬರುವುದು ತಡವಾದರೆ ಏನು ಮಾಡಬೇಕು ಎಂಬ ವಿಷಯ. ತಲೆಬರಹಕ್ಕೇ ಪದ ಸಿಗುತ್ತಿಲ್ಲ.

‘ವಿಳಂಬಿತ ಪ್ರೌಢಾವಸ್ಥೆ’ ನನಗೆ ಬೇಡ. ‘ಪ್ರೌಢ’ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಹೈಸ್ಕೂಲು.

‘ಮೈನೆರೆಯುವುದು’ ಚೆಂದದ ಪದ. ನೆರೆ ಅಂದರೆ ತುಂಬು, ಪೂರ್ತಿಯಾಗು. ಆದರೆ ಬಳಕೆಯಲ್ಲಿ ಅದು ಮೊದಲ ಮುಟ್ಟಿಗೇ ಅಂಟಿಕೊಂಡಿದೆ. ‘ದೊಡ್ಡವಳಾದಳು’ ಕೂಡ ಹಾಗೇ ಅಲ್ವಾ? ವೈದ್ಯರ ಲೆಕ್ಕ ಅದಕ್ಕೂ ಮೊದಲೇ ಶುರುವಾಗುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲ ಗುರುತು ಎದೆ ಮೂಡುವುದು. ಮುಟ್ಟು ಬರುವುದು ಅದಾಗಿ ಎರಡು, ಎರಡೂವರೆ ವರ್ಷಕ್ಕೆ. 13 ತುಂಬಿದರೂ ಎದೆ ಮೂಡದಿದ್ದರೆ ವೈದ್ಯರಿಗೆ ತೋರಿಸಬೇಕು. ನಾನು ‘ಮೈನೆರೆಯುವುದು ತಡವಾದರೆ’ ಎಂದು ಬರೆದರೆ, ಓದಿದ ತಾಯಿ ಮುಟ್ಟಿಗಾಗಿ ಕಾಯುತ್ತಾ ಕೂರುತ್ತಾಳೆ. ಅಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ.

ಹುಡುಗರಿಗಂತೂ ಇಂಥ ಒಂದು ಪದವೇ ನನಗೆ ಸಿಕ್ಕಿಲ್ಲ. ‘ಮೀಸೆ ಚಿಗುರಿತು’, ‘ದನಿ ಒಡೆಯಿತು’ ಅಂತೀವಿ. ಎರಡೂ ಆಮೇಲಿನವು. ಮೊದಲು ದೊಡ್ಡದಾಗುವುದು ವೃಷಣ. 14 ತುಂಬಿದರೂ ಅದು ಬೆಳೆಯಲು ಶುರುವಾಗದಿದ್ದರೆ ತಡ ಎಂದು ಲೆಕ್ಕ. ಕರಪತ್ರದಲ್ಲಿ ‘ಬೀಜ’ ಅಂತಲೇ ಬರೆಯಬಹುದಾ? ಎಲ್ಲರಿಗೂ ತಿಳಿಯುತ್ತದೆ. ನನಗೆ ಮುಜುಗರವಿಲ್ಲ, ಓದುವವರಿಗೆ ಇರಬಹುದು.

ಇನ್ನೊಂದು ತೊಡಕು ‘ತಡ’ ಎಂಬ ಪದದ್ದೇ. ಹುಡುಗರಲ್ಲಿ ಹೆಚ್ಚಿನ ಸಲ ಇದು ಕಾಯಿಲೆಯಲ್ಲ, ಮನೆತನದಲ್ಲಿ ಬಂದದ್ದು. ‘ಅವರಪ್ಪನೂ ಹಂಗೇ, ಪಿಯುಸಿಗೆ ಬಂದಮೇಲೆ ಉದ್ದ ಆಗಿದ್ದು’ ಅಂತ ಅಜ್ಜಿಯರು ಹೇಳ್ತಾರಲ್ಲ, ವೈದ್ಯರೂ ಅದನ್ನೇ ಕೇಳುತ್ತಾರೆ. ಎಡಗೈ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು, ಅಂದರೆ ಮೂಳೆ ಎಷ್ಟು ಬಲಿತಿದೆ ಎಂದು, ನೋಡುತ್ತಾರೆ. ಇಂಥ ಮಕ್ಕಳಲ್ಲಿ ಅದು ಹುಟ್ಟಿದ ಲೆಕ್ಕದ ವಯಸ್ಸಿಗಿಂತ ಹಿಂದಿರುತ್ತದೆ. ಇದಕ್ಕೆ ‘ನಿಧಾನದ ಹರೆಯ’ ಅಂದರೆ ಹೇಗೆ? ‘ತಡ’ ಅಂದರೆ ಹುಡುಗನೇ ಏನೋ ತಪ್ಪು ಮಾಡಿದ ಹಾಗೆ ಕೇಳಿಸುತ್ತದೆ. ಮೊದಲೇ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಎಂದು ನೊಂದಿರುತ್ತಾನೆ.

ಹಾಗಂತ ಎಲ್ಲಕ್ಕೂ ‘ನಿಧಾನ’ ಅಂದು ಸುಮ್ನಿರಲೂ ಆಗಲ್ಲ. ಊಟ ಸಾಲದೆ ಸೊರಗಿರುವುದು, ಥೈರಾಯ್ಡ್ ತೊಂದರೆ, ಪದೇಪದೇ ರಕ್ತ ಕೊಡಿಸಬೇಕಾದ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಹುಡುಗಿಯರಲ್ಲಿ ಟರ್ನರ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಇರುವ ವರ್ಣತಂತುವಿನ ತೊಂದರೆ ಕೂಡ ಕಾರಣವಾಗಬಹುದು. ಇವುಗಳಿಗೆ ಚಿಕಿತ್ಸೆ ಬೇಕು. ಅದಕ್ಕೇ ತಲೆಬರಹಕ್ಕೆ ‘ಹರೆಯ ತಡವಾದಾಗ’, ಒಳಗೆ ಮನೆತನದಲ್ಲಿ ಬಂದ ತಡಕ್ಕೆ ಮಾತ್ರ ‘ನಿಧಾನದ ಹರೆಯ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ. ಹುಡುಗ ಹರೆಯಕ್ಕೆ ಕಾಲಿಡುವುದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ಮೀಸೆ, ದನಿ ಬಿಟ್ಟು ಬೇರೆ ಮಾತು ಇದ್ದರೆ ನನಗೆ ಅದೇ ಬೇಕು.