ಪದಚರ್ಚೆ: ‘ಸಮುದಾಯ ಸಂರಕ್ಷಣಾ ಸಮಿತಿ’ ಅಂದರೆ ಓದುವವರಿಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಊರಿನಲ್ಲಿ. ಈ ಸಲದ ಟೌನ್ ಮೀಟಿಂಗ್‌ನಲ್ಲಿ, ಅಂದರೆ ಊರಿನ ಓಟಿರುವವರು ಸೇರಿ ತೀರ್ಮಾನ ಮಾಡುವ ಸಭೆಯಲ್ಲಿ, ‘ಕಮ್ಯುನಿಟಿ ಪ್ರಿಸರ್ವೇಶನ್ ಕಮಿಟಿ’ ರಚಿಸುವ ವಿಷಯ ಚರ್ಚೆಗೆ ಬರಲಿದೆ. ಊರಿನ ನೆಲ, ಹಳೆಯ ಕಟ್ಟಡ, ಮನೆಗಳಿಗೆಂದು ಕೂಡಿಸಿದ ಹಣವನ್ನು ಯಾವುದಕ್ಕೆ ಕೊಡಬೇಕು ಅಂತ ಶಿಫಾರಸು ಮಾಡುವ ಸಮಿತಿ ಅದು. ಇಲ್ಲಿ ಓಟಿನ ಹಕ್ಕಿರುವ ಕನ್ನಡದ ಹಿರಿಯರು ಕೆಲವರಿದ್ದಾರೆ. ಅವರಿಗೆ ಕನ್ನಡದಲ್ಲಿ ಓದುವುದೇ ಹಿತ. ಅವರಿಗಾಗಿ ಒಂದು ಪುಟದ ವಿವರಣೆ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ಹೆಸರು. ಡಿಕ್ಷನರಿ ಹಿಡಿದು ಹೋದರೆ ‘ಸಮುದಾಯ ಸಂರಕ್ಷಣಾ ಸಮಿತಿ’ ಆಗುತ್ತದೆ. ಆದರೆ ಈಗಿನ ಪತ್ರಿಕೆಗಳಲ್ಲಿ ‘ಸಮುದಾಯದ ಮುಖಂಡರು’, ‘ಸಮುದಾಯಕ್ಕೆ ಮೀಸಲಾತಿ’ ಅಂತ ಓದಿದಾಗ ನಮಗೆ ಹೊಳೆಯುವುದು ಜಾತಿ, ಅಲ್ವಾ? ಅದರ ಪಕ್ಕ ‘ಸಂರಕ್ಷಣೆ’ ಬಂದರೆ ಯಾವುದೋ ಜಾತಿಯ ಹಿತರಕ್ಷಣಾ ಸಮಿತಿ ಅಂತಲೇ ಓದುತ್ತಾರೆ. ಹಾಗೆ ಓದಿದವರು ಸಭೆಗೆ ಬರದೇ ಇದ್ದರೆ ಅದು ದೊಡ್ಡ ನಷ್ಟ.

ಈ ಸಮಿತಿಗೆ ಆಧಾರವಾದ ರಾಜ್ಯದ ಕಾನೂನು 2000ದಲ್ಲಿ ಬಂದದ್ದು. ಇದು ಬೇಕೋ ಬೇಡವೋ ಅಂತ ಪ್ರತಿ ಊರೂ ಬ್ಯಾಲೆಟ್‌ನಲ್ಲಿ ಓಟು ಹಾಕಿ ತೀರ್ಮಾನಿಸುತ್ತದೆ. ಒಪ್ಪಿದ ಊರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಹೆಚ್ಚೆಂದರೆ 3% ಸರ್ಚಾರ್ಜ್ ಹಾಕಬಹುದು. ಆಸ್ತಿಯ ಬೆಲೆಯ ಮೇಲಲ್ಲ, ಕಟ್ಟುವ ತೆರಿಗೆಯ ಮೇಲೆ. 8,000 ಡಾಲರ್ ತೆರಿಗೆ ಕಟ್ಟುವವರಿಗೆ 3% ಅಂದರೆ 240 ಡಾಲರ್. ಮನೆ ಬೆಲೆಯ ಮೊದಲ 1,00,000 ಡಾಲರಿಗೆ ವಿನಾಯಿತಿ ಕೊಡಲು ಅವಕಾಶವಿದೆ. ಕೊಟ್ಟರೆ ಇನ್ನೂ ಕಡಿಮೆ. ಊರು ಕೂಡಿಸಿದ ಹಣಕ್ಕೆ ರಾಜ್ಯವೂ ಒಂದು ಪಾಲು ಸೇರಿಸುತ್ತದೆ. ಆಸ್ತಿ ನೋಂದಣಿ ಶುಲ್ಕದಿಂದ ಬಂದ ಹಣ ಅದು.

ಸರ್ಚಾರ್ಜ್‌ಗೆ ‘ಅಧಿಭಾರ’ ಅಂತ ಸರ್ಕಾರಿ ಪದ ಇದೆ. ನನಗೆ ‘ಸೆಸ್’ ವಾಸಿ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಮನೆ ಕಂದಾಯ ಕಟ್ಟಿದವರಿಗೆ 6% ಗ್ರಂಥಾಲಯ ಸೆಸ್ ಗೊತ್ತು. ಅದೂ ತೆರಿಗೆಯ ಮೇಲಿನ ತೆರಿಗೆ, ಅದಕ್ಕೂ ಒಂದೇ ಗೊತ್ತಾದ ಉದ್ದೇಶ. ಆ ಒಂದು ಪದದಿಂದ ಅರ್ಧ ವಿವರಣೆ ಮುಗಿಯುತ್ತದೆ.

ಈ ಹಣ ಮೂರು ಕೆಲಸಗಳಿಗೆ: ಕಟ್ಟಡವಿಲ್ಲದ ನೆಲ ಮತ್ತು ಆಟೋಟದ ಜಾಗ, ಊರಿನ ಚರಿತ್ರೆಗೆ ಸೇರಿದ ಕಟ್ಟಡ ಮತ್ತು ದಾಖಲೆ, ಕಡಿಮೆ ಮತ್ತು ಮಧ್ಯಮ ಆದಾಯದವರ ಮನೆ. ಪ್ರತಿ ವರ್ಷ ಒಂದೊಂದಕ್ಕೂ ಕನಿಷ್ಠ 10% ಖರ್ಚು ಮಾಡಬೇಕು, ಇಲ್ಲವೇ ತೆಗೆದಿಡಬೇಕು.

ಮೂರಕ್ಕೂ ಕನ್ನಡದಲ್ಲಿ ತೊಡಕಿದೆ. ‘ಓಪನ್ ಸ್ಪೇಸ್’ ಅನ್ನು ‘ಖಾಲಿ ಜಾಗ’ ಅಂದರೆ ನಮ್ಮವರು ಸೈಟು ಅಂದುಕೊಳ್ಳುತ್ತಾರೆ, ಅಂದರೆ ಮುಂದೆ ಮನೆ ಕಟ್ಟುವ ಜಾಗ. ಅರ್ಥ ಪೂರ್ತಿ ತಿರುಗಿಬಿಡುತ್ತದೆ! ‘ಬಯಲು’ ಚೆಂದದ ಪದ, ಆದರೆ ಕಾನೂನಿನ ಪಟ್ಟಿಯಲ್ಲಿ ಕಾಡು, ಹೊಲ, ಜೌಗು, ಕೆರೆ ದಂಡೆ, ಸಮುದ್ರ ತೀರ ಎಲ್ಲ ಇವೆ. ‘ಕಮ್ಯುನಿಟಿ ಹೌಸಿಂಗ್’ ಅನ್ನು ‘ಸಮುದಾಯ ವಸತಿ’ ಮಾಡಿದರೆ ಮತ್ತೆ ಜಾತಿ ಹಾಸ್ಟೆಲ್ ನೆನಪಾಗುತ್ತದೆ. ‘ಆಶ್ರಯ ಮನೆ’ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಇಲ್ಲಿ ಆ ಪ್ರದೇಶದ ನಡು ಆದಾಯದ ಮಟ್ಟದವರೆಗೂ ಲೆಕ್ಕಕ್ಕೆ ಬರುತ್ತಾರೆ. ಶಾಲೆಯ ಟೀಚರ್ ಕೂಡ ಆಗಬಹುದು. ‘ಕೈಗೆಟುಕುವ ಮನೆ’ ಅಂತ ಬರೆದಿದ್ದೇನೆ.

ಹಳೆಯ ಕಟ್ಟಡದ ಕೆಲಸಕ್ಕೆ ‘ಜೀರ್ಣೋದ್ಧಾರ’ ಅಂತ ಬರೆದರೆ ಎಲ್ಲರಿಗೂ ತಕ್ಷಣ ತಿಳಿಯುತ್ತದೆ. ಆದರೆ ಅದು ದೇವಸ್ಥಾನದ ಪದ. ಇಲ್ಲಿ ಅದು ತಪ್ಪು ದಾರಿಗೆ ಎಳೆಯಬಹುದು. ಆ್ಯಕ್ಟನ್ ಎಂಬ ಊರಿನಲ್ಲಿ ಪೂಜೆ ನಡೆಯುವ ಚರ್ಚೊಂದರ ಬಣ್ಣದ ಗಾಜಿನ ಕಿಟಕಿಗಳಿಗೆ ಈ ನಿಧಿಯಿಂದ ಹಣ ಕೊಡಲು ಹೊರಟಿದ್ದರು. 2018ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟ್ ಅದನ್ನು ತಡೆಯಿತು. ಹಾಗಾಗಿ ಸದ್ಯಕ್ಕೆ ‘ದುರಸ್ತಿ’ ಅಂತಿಟ್ಟಿದ್ದೇನೆ. ಆದರೆ ಹಳೆಯ ರೂಪವನ್ನೇ ಮರಳಿ ತರುವ ಅರ್ಥ ಅದರಲ್ಲಿ ಬರುವುದಿಲ್ಲ.

ಇಲ್ಲಿ ಪದಗಳ ಬಗ್ಗೆ ಇಷ್ಟು ಎಚ್ಚರ ಬೇಕೇ ಅಂತ ಕೇಳಬಹುದು. ಬೇಕು. ನ್ಯೂಟನ್ ನಗರ ತನ್ನಲ್ಲಿ ಮೊದಲೇ ಇದ್ದ ಪಾರ್ಕುಗಳನ್ನು ಸುಧಾರಿಸಲು ಈ ಹಣ ಬಳಸಲು ಹೊರಟಿತ್ತು. ಕಾನೂನಿನಲ್ಲಿದ್ದದ್ದು ಆಟೋಟದ ಜಾಗವನ್ನು ‘ಸೃಷ್ಟಿಸುವುದು’ ಎಂಬ ಅರ್ಥದ ಪದ. ಇರುವ ಪಾರ್ಕನ್ನು ಚೆನ್ನಾಗಿ ಮಾಡುವುದು ಸೃಷ್ಟಿಯಲ್ಲ ಅಂತ 2008ರಲ್ಲಿ ಅದೇ ಕೋರ್ಟ್ ಹೇಳಿತು. ಕೊನೆಗೆ 2012ರಲ್ಲಿ ಕಾನೂನಿಗೇ ತಿದ್ದುಪಡಿ ತಂದು ಅದಕ್ಕೆ ದಾರಿ ಮಾಡಿದರು. ಅದಕ್ಕೇ ನಾನು ಕೊಳ್ಳುವುದು, ಹೊಸದಾಗಿ ಮಾಡುವುದು, ಕಾಪಾಡುವುದು, ದುರಸ್ತಿ ಮಾಡುವುದು ಅಂತ ಒಂದೊಂದನ್ನೂ ಬೇರೆ ಬೇರೆ ಹೇಳುತ್ತಿದ್ದೇನೆ. ಎಲ್ಲವನ್ನೂ ‘ಅಭಿವೃದ್ಧಿ’ಯಲ್ಲಿ ಸೇರಿಸಲು ಮನಸ್ಸಿಲ್ಲ.

ಇನ್ನು ಟೌನ್ ಮೀಟಿಂಗ್. ಮಾತಿಗೆ ಮಾತು ಇಟ್ಟರೆ ‘ಪುರಸಭೆ’. ಆದರೆ ನಮಗೆ ಪುರಸಭೆ ಅಂದರೆ ಗೆದ್ದು ಬಂದ ಸದಸ್ಯರು, ಮುಖ್ಯಾಧಿಕಾರಿ, ಆಫೀಸು. ಇಲ್ಲಿ ಹೆಚ್ಚಿನ ಸಣ್ಣ ಊರುಗಳಲ್ಲಿ ಓಟಿರುವ ಯಾರು ಬೇಕಾದರೂ ಬಂದು ಕೂತು, ಮಾತಾಡಿ, ಕೈ ಎತ್ತಬಹುದು. ‘ಗ್ರಾಮಸಭೆ’ ಇದಕ್ಕೆ ತುಂಬ ಹತ್ತಿರ. ಒಂದು ವ್ಯತ್ಯಾಸವಿದೆ. ಬಜೆಟ್ ಪಾಸು ಮಾಡುವುದು, ಊರಿನ ನಿಯಮ ಮಾಡುವುದು ಇಲ್ಲಿ ಈ ಸಭೆಯದೇ ಅಧಿಕಾರ. ‘ಊರಸಭೆ’ ಅಂತ ಬರೆದು, ‘ಗ್ರಾಮಸಭೆ ಇದ್ದ ಹಾಗೆ, ಆದರೆ ಕೊನೆಯ ಮಾತು ಇದರದೇ’ ಅಂತ ಸೇರಿಸಿದ್ದೇನೆ.

ಸಮಿತಿ ರಚನೆಗೆ ಊರಸಭೆ ಪಾಸು ಮಾಡಬೇಕಾದದ್ದು ಬೈಲಾ. ಇದನ್ನು ಅನುವಾದಿಸುವ ಅಗತ್ಯ ನನಗೆ ಕಾಣುವುದಿಲ್ಲ. ಹಾಲಿನ ಸೊಸೈಟಿಯ ಸದಸ್ಯರೆಲ್ಲ ‘ಬೈಲಾ ತಿದ್ದುಪಡಿ’ ಅನ್ನುತ್ತಾರೆ. ಸಮಿತಿಯಲ್ಲಿ 5ರಿಂದ 9 ಜನ. ನಿಸರ್ಗ ಸಂರಕ್ಷಣೆ, ಚರಿತ್ರೆ, ಯೋಜನೆ, ಪಾರ್ಕು, ವಸತಿ, ಈ ಐದು ಮಂಡಳಿಗಳಿಂದ ಒಬ್ಬೊಬ್ಬರು. ಉಳಿದವರು ಯಾರು, ಹೇಗೆ ಬರುತ್ತಾರೆ ಅನ್ನುವುದನ್ನು ಬೈಲಾ ಹೇಳುತ್ತದೆ. ಸಭೆಯಲ್ಲಿ ಜಾಸ್ತಿ ಚರ್ಚೆ ಆಗಬೇಕಾದದ್ದು ಇದೇ. ಇನ್ನೊಂದು ಮಾತನ್ನು ಹಿರಿಯರಿಗೆ ಒತ್ತಿ ಹೇಳಬೇಕು: ಸಮಿತಿ ತಾನೇ ಹಣ ಖರ್ಚು ಮಾಡುವ ಹಾಗಿಲ್ಲ. ಅದು ಶಿಫಾರಸು ಮಾಡುತ್ತದೆ. ಊರಸಭೆ ಅದನ್ನು ಒಪ್ಪಬಹುದು, ಕಡಿಮೆ ಮಾಡಬಹುದು, ತಳ್ಳಿಹಾಕಬಹುದು. ಹೆಚ್ಚಿಸುವ ಹಾಗಿಲ್ಲ.

ಹೆಸರಿಗೇ ಮರಳುತ್ತೇನೆ. ‘ಊರು ಉಳಿಸಿ ಸಮಿತಿ’ ಅಂದರೆ ಹೋರಾಟದ ವಾಸನೆ ಬರುತ್ತದೆ. ‘ಊರ ಕಾಪು ಸಮಿತಿ’ ನನಗೆ ಇಷ್ಟ, ಆದರೆ ಕರಾವಳಿಯವರಿಗೆ ಕಾಪು ಅಂದರೆ ಉಡುಪಿ ಹತ್ತಿರದ ಊರು. ಬರಿಯ ‘ಸಂರಕ್ಷಣಾ ಸಮಿತಿ’ ಅಂದರೆ ನಿಸರ್ಗ ಸಂರಕ್ಷಣೆಯ ಮಂಡಳಿಯ ಜೊತೆ ಗೊಂದಲವಾಗುತ್ತದೆ. ಸದ್ಯ ‘ಊರ ಸೊತ್ತು ಕಾಪಾಡುವ ಸಮಿತಿ’ ಅಂತ ಬರೆದಿದ್ದೇನೆ. ಉದ್ದವಾಯಿತು. ಮನೆಯ ವಿಷಯ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಆದರೂ ಯಾರೂ ಇದನ್ನು ಜಾತಿ ಸಂಘ ಅಂದುಕೊಳ್ಳುವುದಿಲ್ಲ. ಇದಕ್ಕಿಂತ ಚಿಕ್ಕದು ನಿಮಗೆ ಹೊಳೆದರೆ ಹೇಳಿ.

ಕೊನೆಯದಾಗಿ ಒಂದು. ಸಭೆಗೆ ಮೊದಲು ಹೊರಡಿಸುವ ವಿಷಯಪಟ್ಟಿಗೆ ಇಲ್ಲಿ ‘ವಾರಂಟ್’ ಅನ್ನುತ್ತಾರೆ. ಹಾಗೇ ಬರೆದರೆ ಹಿರಿಯರು ಪೊಲೀಸ್ ವಾರಂಟ್ ಅಂತ ಗಾಬರಿಯಾಗುತ್ತಾರೆ. ‘ಸಭಾ ನೋಟೀಸು’ ಸಾಕೇ? ಅದರಲ್ಲಿ ಇಲ್ಲದ ವಿಷಯದ ಮೇಲೆ ಸಭೆ ತೀರ್ಮಾನ ಮಾಡುವ ಹಾಗಿಲ್ಲ ಅನ್ನುವ ಬಿಗಿ ಆ ಪದದಲ್ಲಿ ಬರುತ್ತದೆಯೇ? ಉತ್ತರ ಕರ್ನಾಟಕದ ಕಡೆ ಪಂಚಾಯಿತಿ, ಸೊಸೈಟಿಗಳಲ್ಲಿ ನಿರ್ಣಯಕ್ಕೆ ‘ಠರಾವು’ ಬಳಸುವವರು, ಠರಾವಿಗೆ ಮೊದಲು ಬರುವ ಪಟ್ಟಿಗೆ ನೀವು ಏನನ್ನುತ್ತೀರಿ ಅಂತ ದಯವಿಟ್ಟು ತಿಳಿಸಿ.